ಅಮ್ಮನ ಹಾಡಿನ ಮುಂದಿನ ಸಾಲು

“ದೋಣಿ ಬಂತು ಮಟ್ಟಾಂಚೇರಿಗೆ... ಮುಂದೇನೇ?”

ಕಳೆದ ಭಾನುವಾರ ಬೆಳಗ್ಗೆ ಅಮ್ಮ ಕೇಳಿದ ಪ್ರಶ್ನೆ. ನನಗೆ ಗೊತ್ತಿರಲಿಲ್ಲ. ಗೂಗಲ್‌ಗೂ ಗೊತ್ತಿಲ್ಲ. ಹೇಗೆ ಗೊತ್ತಿರುತ್ತದೆ? ವರ್ಷಗಳ ಹಿಂದೆ ನನ್ನ ಬಾಣಂತನಕ್ಕೆಂದು ಮೈಸೂರಿನಿಂದ ಕೊಚ್ಚಿಗೆ ಬಂದಿದ್ದ ಅಮ್ಮ, ಮೊಮ್ಮಗಳನ್ನು ತೂಗುತ್ತಾ ತಾನೇ ಕಟ್ಟಿದ ಹಾಡು ಅದು.

ತಿಂಡಿ ಮುಂದಿಟ್ಟರೆ ಮುಟ್ಟಲಿಲ್ಲ. “ನಾನೇ ಕಟ್ಟಿದ್ದು ಕಣೇ. ಇದನ್ನೇ ಮರ್ತ್ರೆ, ನಾಳೆ ನಿನ್ನೂ ಮರೀತೀನೇನೋ” ಅಂದಳು. ನನಗೆ ಹೆದರಿಕೆಯಾಯಿತು.

ಆ ಮೊಮ್ಮಗಳೇ ನನ್ನ ಮಗಳು ಮೇಘನಾ, ಈಗ ತಿರುವನಂತಪುರದ ಐಟಿ ಪಾರ್ಕಿನಲ್ಲಿದ್ದಾಳೆ. ರಜೆಗೆ ಬಂದಿದ್ದಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. (ಇಲ್ಲೇ ಬೆಳೆದ ಮಕ್ಕಳು, ಇನ್ನೇನು!) ಕಾಲೇಜಿನಲ್ಲಿದ್ದಾಗ ಅಜ್ಜಿ ಹೇಳಿದ್ದನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿಕೊಳ್ಳುತ್ತಿದ್ದಳು. ಕಥೆ, ಗಾದೆ, ಬೈಗುಳ, ಹಾಡು. ಫೈಲುಗಳ ಹೆಸರು ನೋಡಬೇಕು: ‘ಅಜ್ಜಿ ನ್ಯೂ’, ‘ಅಜ್ಜಿ ಫೈನಲ್’, ‘ಅಜ್ಜಿ ಫೈನಲ್ ಫೈನಲ್’. ಇಷ್ಟರಲ್ಲಿ ದೋಣಿ ಎಲ್ಲಿ?

“ವೆಯ್ಟ್ ಅಮ್ಮಾ, ಇಪ್ಪೋ ನೋಕ್ಕಾಂ” (ಈಗಲೇ ನೋಡೋಣ) ಎಂದು ಕಪ್ಪು ಪರದೆಯೊಂದನ್ನು ತೆರೆದಳು. ಗ್ರೆಪ್ ಎಂಬ ಕಮಾಂಡ್ ಅಂತೆ. ಒಂದು ಪದ ಕೊಟ್ಟರೆ ಸಾಕು, ನಾವು ಯಾವ ಫೈಲನ್ನೂ ತೆರೆಯಬೇಕಿಲ್ಲ, ಅದೇ ಎಲ್ಲವನ್ನೂ ಜಾಲಾಡಿ ಆ ಪದವಿರುವ ಸಾಲನ್ನು ಹೆಕ್ಕಿ ಕೊಡುತ್ತದೆ. ಬೇಕೆಂದರೆ ಮುಂದಿನ ಸಾಲನ್ನೂ! ಅಮ್ಮ ಕೇಳುತ್ತಿದ್ದುದು ಅದನ್ನೇ ಅಲ್ಲವೇ?

ಅಷ್ಟರಲ್ಲಿ ಫೋನ್ ಬಂತು. ಮೇಘನಾ ಬಾಲ್ಕನಿಗೆ ಹೋದಳು. ಪದವೊಂದನ್ನು ಟೈಪ್ ಮಾಡುವುದು ಬಾಕಿ. ಕನ್ನಡ ತಾನೆ, ನನಗೆ ಬಿಡಿ! ಕೀಬೋರ್ಡನ್ನು ಕನ್ನಡಕ್ಕೆ ಬದಲಿಸಿ ‘ದೋಣಿ’ ಎಂದು ಕುಟ್ಟಿದೆ. ಎಂಟರ್.

ಏನೂ ಬರಲಿಲ್ಲ. ಗ್ರೆಪ್ ‘ಇಲ್ಲ’ ಎಂದೂ ಹೇಳುವುದಿಲ್ಲ, ಸುಮ್ಮನಿದ್ದುಬಿಡುತ್ತದೆ. ಅಮ್ಮನ ಮುಖ ನೋಡಲಾಗಲಿಲ್ಲ.

ವಾಪಸ್ ಬಂದ ಮೇಘನಾ ನಕ್ಕಳು. “ಅಮ್ಮಾ, ಐ ಡೋಂಟ್ ನೋ ಕನ್ನಡ ಲೆಟರ್ಸ್. ಎಲ್ಲಾಂ ಮಲಯಾಳತ್ತಿಲಾ!”

ಅಜ್ಜಿಯ ಮೈಸೂರು ಕನ್ನಡವನ್ನೆಲ್ಲ ಅವಳು ಮಲಯಾಳ ಲಿಪಿಯಲ್ಲಿ ಬರೆದಿಟ್ಟಿದ್ದಳು! ಅದೇ ದೋಣಿಯನ್ನು ಮಲಯಾಳ ಅಕ್ಷರದಲ್ಲಿ ಕುಟ್ಟಿದಳು. ಥಟ್ಟನೆ ಎರಡು ಸಾಲು ಮೂಡಿದವು.

ಬಗ್ಗಿ ನೋಡಿದೆ. ಏನು ಪ್ರಯೋಜನ? ಮಲಯಾಳ ಬೋರ್ಡು ಓದಲು ಬಾರದೆ, ಎಡಪ್ಪಳ್ಳಿಯ ಬಸ್ಸನ್ನು ಇವತ್ತಿಗೂ ಪಕ್ಕದವರನ್ನು ಕೇಳಿಯೇ ಹತ್ತುವವಳು ನಾನು. ಓದಿದ್ದು ಮೇಘನಾ, ಥೇಟ್ ಅಜ್ಜಿಯ ರಾಗದಲ್ಲಿ: “ಏಲಕ್ಕಿ ತಂತು ನಮ್ ಪುಟ್ಟಿಗೆ...”

“ಪಾಯ್ಸ ಆಯ್ತು ಸಂಜೆಗೆ!” ಅಮ್ಮ ಮುಗಿಸಿಯೇಬಿಟ್ಟಳು. ಆ ಸಾಲು ಪರದೆಯ ಮೇಲೆ ಇರಲೇ ಇಲ್ಲ. ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. ನನಗೆ ಅಳು ಬಂತು.

“ಮಗಳಿಗೆ ಕನ್ನಡ ಓದೋಕೆ ಬರಲ್ಲ” ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಈಗ ನೀವೇ ಹೇಳಿ, ನಮ್ಮಿಬ್ಬರಲ್ಲಿ ಅಮ್ಮನ ಕನ್ನಡ ಓದಲು ಬಾರದವರು ಯಾರು?