ಧರ್ಮದ ಖಾತೆ ಮುಚ್ಚಿದ ಗುಮಾಸ್ತರು

ಬೆಳಕು ಹರಿಯುವ ಮೊದಲೇ ಕಡೂರಿನ ತೆಂಗಿನ ನಾರಿನ ಕಂಪನಿಯ ಹಿಂಬಾಗಿಲು ತೆರೆಯುತ್ತದೆ. ಗುಮಾಸ್ತ ಬೆನಕಪ್ಪ ಮೇಜಿನ ಮೇಲಿನ ಧೂಳು ಕೊಡವಿ, ಊದುಬತ್ತಿ ಹಚ್ಚಿ ಲೆಕ್ಕಕ್ಕೆ ಕೂರುತ್ತಾರೆ. ಶಿವನಿಯಿಂದ ಬಂದು ಇಲ್ಲಿ ಬಾಡಿಗೆ ಮನೆ ಹಿಡಿದು ಇಪ್ಪತ್ತು ವರ್ಷ ದಾಟಿದೆ. ಎಂಥ ಶ್ರದ್ಧೆ ಎಂದು ಎಲ್ಲರೂ ಹೊಗಳುತ್ತಾರೆ. ಆ ಹೊಗಳಿಕೆ ಕೇಳಿದರೆ ಅವರಿಗೆ ಮೈ ಉರಿಯುತ್ತದೆ. ಅವರು ಇಷ್ಟು ಬೇಗ ಬರುವುದು ದುರ್ಗಮ್ಮನ ಕಣ್ಣು ತಪ್ಪಿಸಲಿಕ್ಕೆ.

ದುರ್ಗಮ್ಮ ಇದೇ ಕಂಪನಿಯಲ್ಲಿ ಸಿಪ್ಪೆ ಬಡಿಯುವ ಯಂತ್ರಕ್ಕೆ ಸಿಕ್ಕಿ ಬಲಗೈ ಕಳೆದುಕೊಂಡವರು. ಮಾರಿದ ಪ್ರತಿ ಲೋಡಿಗೆ ಎರಡು ರೂಪಾಯಿ ಧರ್ಮದ ಖಾತೆಗೆ ಎತ್ತಿಡುವುದು ಇಲ್ಲಿನ ಹಳೆಯ ರೂಢಿ. ಅದರಿಂದಲೇ ತಿಂಗಳಿಗೆ ನಲವತ್ತು ರೂಪಾಯಿ ಅವರಿಗೆ ಹೋಗುತ್ತಿತ್ತು. ಖಾತೆಯಲ್ಲಿ ಮಾತ್ರ ಅವರ ಹೆಸರಿರಲಿಲ್ಲ. ಧರ್ಮ ಪಡೆದವರ ಹೆಸರು ಬರೆದರೆ ಅವರ ಮಾನ ಹೋಗುತ್ತದೆ ಎಂದು ಬೆನಕಪ್ಪನವರಿಗೆ ಹಿಂದಿನ ಗುಮಾಸ್ತರು ಹೇಳಿಕೊಟ್ಟಿದ್ದರು.

ಕಳೆದ ವರ್ಷ, ಎಂಬತ್ನಾಲ್ಕರಲ್ಲಿ, ಮಾಲೀಕ ಈರಭದ್ರಪ್ಪ ಅಂತರರಾಷ್ಟ್ರೀಯ ಪದ್ಧತಿಯ ಲೆಕ್ಕ ಇಡಲು ಮನಸ್ಸು ಮಾಡಿದರು. ಕಾನೂನಿನ ಒತ್ತಾಯವೇನೂ ಇರಲಿಲ್ಲ. ಜರ್ಮನಿಯ ವ್ಯಾಪಾರಿಯೊಬ್ಬ ಬಂಡವಾಳ ಹಾಕುವ ಮಾತಾಡಿದ್ದ.

"ಈ ಊರಲ್ಲಾದ್ರೆ ನನ್ ಮುಖ ನೋಡಿ ಸಾಲ ಕೊಡ್ತಾರೆ. ಮುಖಾನೇ ನೋಡ್ದೇ ಇರೋನು ನಂಬಬೇಕಂದ್ರೆ, ಅವನು ಓದೋ ಥರಾನೇ ಲೆಕ್ಕ ಬರೀಬೇಕು ಕಣಯ್ಯಾ" ಎಂದರು. ಮಾತೇನೋ ನ್ಯಾಯವಾಗಿಯೇ ಇತ್ತು.

ಬೆಂಗಳೂರಿನಿಂದ ಬಂದ ಆಡಿಟರ್ ಹಳೆಯ ಖಾತೆಗಳನ್ನೆಲ್ಲ ಹೊಸ ಪದ್ಧತಿಗೆ ಇಳಿಸುತ್ತ ಧರ್ಮದ ಖಾತೆಯ ಹತ್ತಿರ ನಿಂತರು. "ಇದು ಯಾರಿಗೆ ಕೊಡಬೇಕಾದ ಹಣ?" ಎಂದು ಕೇಳಿದರು.

"ಯಾರಿಗೂ ಅಲ್ಲ ಸ್ವಾಮಿ, ಧರ್ಮದ್ದು" ಎಂದರು ಬೆನಕಪ್ಪ, ರೂಢಿಯಂತೆ.

ಯಾರಿಗೂ ಕೊಡಬೇಕಿಲ್ಲದ ಹಣ ಕಂಪನಿಯದೇ ಆಯಿತು. ಖಾತೆ ಮುಚ್ಚಿ, ಇದ್ದದ್ದು ಲಾಭಕ್ಕೆ ಸೇರಿತು. ತಮ್ಮ ತಪ್ಪು ಅರಿವಾಗಿ ಬೆನಕಪ್ಪ ದುರ್ಗಮ್ಮನ ಹೆಸರು ಹೇಳಲು ಓಡಿದರೆ ಮಾಲೀಕರು ಒಪ್ಪಲಿಲ್ಲ. "ಲೆಕ್ಕಕ್ಕೆ ಸಹಿ ಆಗೋಯ್ತು. ಈಗ ತಿದ್ದಿದ್ರೆ ಆ ಜರ್ಮನಿಯೋನು ಏನಂದ್ಕೊಂಡಾನು?" ಸಿಟ್ಟು ಯಾರ ಮೇಲೆಂದು ಹೇಳುವುದು?

ಎರಡು ತಿಂಗಳು ಬೆನಕಪ್ಪ ಸ್ವಂತ ಸಂಬಳದಿಂದ ಕೊಟ್ಟರು. ಮೂರನೆಯ ತಿಂಗಳು ಕೈ ಬರಿದಾಯಿತು. ಜರ್ಮನಿಯ ಹಣ ಬಂದಿದೆ, ಹೊಸ ಯಂತ್ರ ಕೂತಿದೆ. ದುರ್ಗಮ್ಮ ದಿನವೂ ಬಂದು ಮುಂದಿನ ಗೇಟಿನ ಬಳಿ ಕೂರುತ್ತಾರೆ. "ಬೆನಕಪ್ಪಾರು ಮರ್ತವ್ರೆ, ನೆಪ್ಪಾದ್ರೆ ಕೊಡ್ತಾರೆ" ಎಂದು ಕಾವಲುಗಾರನಿಗೆ ಹೇಳುತ್ತಾರಂತೆ.

ಹಿಂಬಾಗಿಲಿನಿಂದ ಬರುವುದೇಕೆ ಎಂದು ಯಾರಾದರೂ ಕೇಳಿದರೆ ಬೆನಕಪ್ಪ ಲೆಕ್ಕದ ಪುಸ್ತಕ ಮುಚ್ಚುತ್ತಾರೆ.

"ಆಯಮ್ಮನ ಮಾನ ಉಳೀಲಿ ಅಂತ ಹೆಸ್ರು ಮುಚ್ಚಿಟ್ಟೆ ಕಣ್ರೀ. ಈಗ ಊರೆಲ್ಲ ನೋಡೋ ಹಂಗೆ ಗೇಟಲ್ಲಿ ಕುಂತೈತೆ."