ವಿಮಾನ ಇಳಿದ ಮೇಲೆಯೇ ಅಕ್ಕಿ

ಓಶ್ ನಗರದ ವಿಮಾನ ನಿಲ್ದಾಣದ ಹತ್ತಿರದ ಗಲ್ಲಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹೋಸ್ಯತ್ ಎಂಬಾಕೆಯ ಅಂಗಳದಲ್ಲಿ ಎರ್ಗಶಲಿ ಆಗಲೇ ಒಲೆ ಹೊತ್ತಿಸಿ, ಹಳದಿ ಗಜ್ಜರಿ ಹೆಚ್ಚುತ್ತಾ ಕೂತಿದ್ದಾರೆ. ಕಡಾಯಿಯಲ್ಲಿ ಕುರಿಮಾಂಸ ಈರುಳ್ಳಿಯ ಜೊತೆ ಕೆಂಪಗಾಗುತ್ತಿದೆ. ಮಾಸ್ಕೋಗೆ ಗಾರೆ ಕೆಲಸಕ್ಕೆ ಹೋಗಿದ್ದ ಹೋಸ್ಯತ್ ಅವರ ಮಗ ಇಕ್ರೊಮ್ ನಾಲ್ಕು ವರ್ಷದ ಮೇಲೆ ಇಂದು ಮನೆಗೆ ಬರುತ್ತಿದ್ದಾನೆ. ಬಂದವನಿಗೆ ಪಲಾವ್ ಆಗಲೇಬೇಕು.

ಎರ್ಗಶಲಿ ಪಲಾವ್ ಭಟ್ಟರು. ಮದುವೆ ಮನೆಗಳಲ್ಲಿ ಅಪ್ಪನ ಪಕ್ಕ ಕೂತು ಒಲೆ ಊದುತ್ತಾ ಕಲಿತ ವಿದ್ಯೆ. ಈಗ ಮದುವೆಗಳಿಗಿಂತ ಹೆಚ್ಚು ಕರೆ ಬರುವುದು ಮಾಸ್ಕೋದಿಂದ ಮರಳುವವರ ಮನೆಗಳಿಂದ. ಹೊಗೆಗೆ ಕಣ್ಣು ಮಂಜಾಗಿದೆ, ಸೊಂಟ ಹಿಡಿದುಕೊಂಡಿದೆ. ಉಂಡವರು ಮಾಂಸವನ್ನು ಹೊಗಳಿ ಕೈ ತೊಳೆಯುತ್ತಾರೆ, ಮಾಡಿದವರ ಹೆಸರು ಕೇಳುವವರು ಕಡಿಮೆ. ಎರ್ಗಶಲಿಗೆ ಅದರ ಗೊಡವೆಯೂ ಇಲ್ಲ. ಅವರದು ಒಂದೇ ಹಟ: ವಿಮಾನ ನೆಲ ಮುಟ್ಟಿದ ಸುದ್ದಿ ಬರುವವರೆಗೆ ಕಡಾಯಿಗೆ ಅಕ್ಕಿ ಬೀಳುವುದಿಲ್ಲ. ಮಾಂಸದ ರಸ ಸಣ್ಣ ಉರಿಯಲ್ಲಿ ಎಷ್ಟು ಹೊತ್ತಾದರೂ ಕಾಯುತ್ತದೆ.

ಏಳಕ್ಕೆಲ್ಲ ಅಂಗಳದ ತುಂಬ ನೆಂಟರು. ಇಕ್ರೊಮ್‌ನ ಚಿಕ್ಕಪ್ಪ ದಾದಾಜಾನ್‌ಗೆ ಹಸಿವು ತಡೆಯುತ್ತಿಲ್ಲ.

"ಎರಡಕ್ಕೆ ಹೊರಡ್ತೀನಿ ಅಂದಿದ್ದ. ನಾಲ್ಕು ಗಂಟೆ ದಾರಿ. ಆರಕ್ಕೇ ಬರ್ಬೇಕಿತ್ತು. ನೀವು ಅಕ್ಕಿ ಹಾಕ್ಬಿಡಿ, ಅವನು ಬಂದಾಗ ಬರ್ತಾನೆ."

ಹೋಸ್ಯತ್ ಮುಖ ಬಿಳಿಚಿಕೊಳ್ಳುತ್ತದೆ. "ಎರ್ಗಶಲಿ ಅಣ್ಣ, ಏನಾದ್ರೂ ಆಗಿರ್ಬಹುದಾ?"

"ಏನೂ ಆಗಿಲ್ಲ ತಂಗಿ. ಎರಡು ಅಂದಿದ್ದು ಅಲ್ಲಿನ ಎರಡು. ಅಲ್ಲಿ ಎರಡಾದ್ರೆ ನಮ್ಗೆ ಐದು. ಎಲ್ಲರ ಮನೇಲೂ ಇದೇ ಗಾಬರಿ. ಮೂರು ಸಾವಿರ ಕಿಲೋಮೀಟರ್ ಬರ್ಬೇಕಲ್ಲ, ಒಂಬತ್ತಾಗುತ್ತೆ. ಚಹಾ ಕುಡಿ."

"ಅಲ್ಲೀವರೆಗೆ ನಾವು ಹೊಗೆ ತಿನ್ಬೇಕಾ?" ಎನ್ನುತ್ತಾ ದಾದಾಜಾನ್ ಅಕ್ಕಿ ನೆನೆಸಿದ ಪಾತ್ರೆಗೆ ಕೈ ಹಾಕುತ್ತಾನೆ. ಎರ್ಗಶಲಿ ಅದನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ.

"ರೊಟ್ಟಿ ಇದೆ, ತಿನ್ನಿ. ಹೊಟ್ಟೆ ನಿಮ್ದು, ಕಡಾಯಿ ನಂದು."

ನೆಂಟರು ನಗುತ್ತಾರೆ. ದಾದಾಜಾನ್ ಮುಖ ಊದಿಸಿಕೊಂಡು ರೊಟ್ಟಿ ಮುರಿಯುತ್ತಾನೆ.

ಒಂಬತ್ತು ದಾಟಿದ ಮೇಲೆ ಫೋನು ಬರುತ್ತದೆ, ಇಕ್ರೊಮ್ ಇಳಿದಿದ್ದಾನೆ. ಆಗ ಎರ್ಗಶಲಿ ಅಕ್ಕಿ ಸುರಿದು ಮೇಲೆ ನೀರು ಹೊಯ್ಯುತ್ತಾರೆ. ನಿಲ್ದಾಣ ಹತ್ತಿರವೇ ಇರುವುದರಿಂದ ಹುಡುಗ ಬಾಗಿಲಿಗೆ ಬಂದಾಗ ಅದಿನ್ನೂ ಅರೆಬೆಂದಿರುತ್ತದೆ. ಬಡಿಸಲು ಏನೂ ಇಲ್ಲದ ಹೋಸ್ಯತ್ ಮಗನ ಪಕ್ಕ ಕೂತುಬಿಡುತ್ತಾರೆ. ಸಿಮೆಂಟಿಗೆ ಒಡೆದ ಅವನ ಬೆರಳುಗಳನ್ನು ಒಂದೊಂದಾಗಿ ಸವರುತ್ತಾರೆ.

ಅರ್ಧ ಗಂಟೆ ಮೊದಲೇ ಅಕ್ಕಿ ಹಾಕಬಹುದಿತ್ತಲ್ಲ ಎಂದು ಪಕ್ಕದವರೊಬ್ಬರು ಕೇಳಿದರೆ ಎರ್ಗಶಲಿ ದನಿ ತಗ್ಗಿಸುತ್ತಾರೆ.

"ವಯಸ್ಸಲ್ಲಿ ನಾನೂ ಮಾಸ್ಕೋದಿಂದ ಬಂದೆ, ರೈಲಲ್ಲಿ. ಬರೋ ಹೊತ್ತಿಗೆ ಪಲಾವ್ ಆಗಿಬಿಟ್ಟಿತ್ತು. ಅಮ್ಮ ಬಂದೋರಿಗೆಲ್ಲ ಬಡಿಸ್ತಾ ಓಡಾಡಿದ್ಲು. ನನ್ನ ಮುಖ ನೋಡೋಕೆ ಅವಳಿಗೆ ರಾತ್ರಿ ಆಯ್ತು. ಅನ್ನ ಬೇಯೋವರ್ಗಾದ್ರೂ ಈಕೆ ಮಗನ್ನ ಕಣ್ತುಂಬ ನೋಡ್ಲಿ. ಆಮೇಲೆ ನೆಂಟರು ಇದ್ದೇ ಇದ್ದಾರಲ್ಲ."