ಮೂರೇ ಸಾಕು ಎಂದವರು

ಮೇಷ್ಟ್ರ ಎಡಗೈಯಲ್ಲಿ ಗಡಿಯಾರ ಇರುತ್ತಿರಲಿಲ್ಲ. ಮಣಿಕಟ್ಟಿನಿಂದ ಮೊಣಕೈವರೆಗೂ ರಬ್ಬರ್ ಬ್ಯಾಂಡುಗಳಿರುತ್ತಿದ್ದವು. ತೂತು ಹೊಡೆದ ಕಂಪ್ಯೂಟರ್ ಕಾರ್ಡುಗಳ ಕಟ್ಟು ಬಿಗಿಯುವುದಕ್ಕೆ. ಕೈ ಮಡಚಿದಾಗಲೆಲ್ಲ ರೋಮ ಕಿತ್ತು ಮುಖ ಕಿವುಚುತ್ತಿದ್ದರು, ಆದರೂ ತೆಗೆದಿಡುತ್ತಿರಲಿಲ್ಲ. ಹಿಡಿದದ್ದನ್ನು ಬಿಡುವ ಪೈಕಿಯೇ ಅಲ್ಲ. ಅವರ ಜೊತೆ ಕೆಲಸ ಮಾಡಿದ ವರ್ಷಗಳಲ್ಲಿ ನಾನು ಕಲಿತದ್ದೆಷ್ಟೋ, ಹಲ್ಲು ಕಡಿದದ್ದೂ ಅಷ್ಟೇ.

ಎಪ್ಪತ್ತರ ದಶಕದ ಸೇಲಂ. ಕಾಲೇಜಿನಲ್ಲಿ ಅವರು ಗಣಿತದ ಮೇಷ್ಟ್ರು, ನಾನು ಅವರ ಹಳೆಯ ವಿದ್ಯಾರ್ಥಿ, ಆಗಷ್ಟೇ ಕೆಲಸಕ್ಕೆ ಸೇರಿದವನು. ಪಾಠವೆಲ್ಲ ತಮಿಳು, ಇಂಗ್ಲಿಷಿನಲ್ಲಿ. ನನಗೆ ಬೈಗುಳ ಮಾತ್ರ ಕನ್ನಡದಲ್ಲಿ. ಅವರು ಪಾಲಮಲೆಯ ತಪ್ಪಲಿನ ಕುರಿ ಸಾಕುವ ಮನೆಯವರು, ನಾನು ಕೊಳತ್ತೂರಿನವನು, ಇಬ್ಬರದೂ ಮನೆಮಾತು ಕನ್ನಡ. ಕಂಪ್ಯೂಟರ್ ಇದ್ದದ್ದು ಮದ್ರಾಸಿನಲ್ಲಿ. ಪ್ರೋಗ್ರಾಮನ್ನು ತೂತುಗಳಲ್ಲಿ ಬರೆದ ಕಾರ್ಡುಗಳು ರೈಲಿನಲ್ಲಿ ಹೋಗಬೇಕು, ಉತ್ತರವೂ ರೈಲಿನಲ್ಲೇ ಬರಬೇಕು. ಒಂದು ಕಾಮಾ ತಪ್ಪಿದರೆ ವಾರದ ಕೆಲಸ ಮಣ್ಣುಪಾಲು.

ಹಲವು ಸಮೀಕರಣಗಳನ್ನು ಒಟ್ಟಿಗೆ ಬಿಡಿಸುವ ಸಿದ್ಧ ಪ್ರೋಗ್ರಾಮೊಂದು ಅಲ್ಲಿತ್ತು. ಅದನ್ನು ಬಳಸಬೇಕಾದರೆ ಹದಿಮೂರು ಸಂಗತಿಗಳನ್ನು ಅದು ಹೇಳಿದ ಕ್ರಮದಲ್ಲೇ ಒಪ್ಪಿಸಬೇಕು. ಧರ್ಮಪುರಿ ಕಡೆ ಸಣ್ಣ ಸೇತುವೆಗಳ ಲೆಕ್ಕ ಮಾಡುತ್ತಿದ್ದ ಎಂಜಿನಿಯರೊಬ್ಬರು ನಮ್ಮ ಹತ್ತಿರ ಬರುತ್ತಿದ್ದರು. ಕ್ರಮ ತಪ್ಪಿ ತಪ್ಪಿ ಬೇಸತ್ತು ಅವರು ಮತ್ತೆ ಕೈಲೆಕ್ಕಕ್ಕೆ ಇಳಿದರು. ಮೇಷ್ಟ್ರಿಗೆ ಇದು ಸ್ವಂತ ಅವಮಾನವಾಯಿತು. ತಾವೇ ಒಂದನ್ನು ಬರೆಯಲು ಕುಳಿತರು. ಕೋಷ್ಟಕ ಕೊಡು, ಬಲಗಡೆಯ ಸಂಖ್ಯೆಗಳನ್ನು ಕೊಡು, ಎಷ್ಟು ಸಮೀಕರಣ ಹೇಳು. ಮೂರೇ.

"ಸಾರ್, ಇನ್ನೊಂದೆರಡು ಕೇಳ್ಲೇಬೇಕು. ಇಲ್ದಿದ್ರೆ ಮೆಷಿನ್‌ಗೆ ಎಂಗೆ ತಿಳೀತದೆ?"

"ಲೇ, ರಾಗಿ ಆಕಿದ್ರೆ ಇಟ್ಟು ಬರ್ಬೇಕು. ಕಲ್ಲು ಯಾರು ಕಡೆದ್ರು, ಗೂಟ ಎಷ್ಟುದ್ದ ಐತೆ ಅಂತ ಬೀಸೋಳ್ನ ಕೇಳ್ತೀಯಾ?"

ನಾನು ಹಟ ಹಿಡಿದು ನಾಲ್ಕನೆಯದನ್ನು ಸೇರಿಸಿ ಕಾರ್ಡು ತಂದರೆ, ಅದರ ಮೂಲೆಯಿಂದ ಕಿವಿ ಕೆರೆದುಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು. ಕೊನೆಗೆ ಅವರದೇ ಗೆದ್ದಿತು. ಎಂಜಿನಿಯರಿಗೆ ಮೊದಲ ಸಲಕ್ಕೇ ಉತ್ತರ ಬಂತು. ಅವತ್ತು ಮೇಷ್ಟ್ರು ನನಗೆ ಕಾಫಿ ಕುಡಿಸಿದರು, ಕುಡಿಯುವಷ್ಟು ಹೊತ್ತೂ ಚುಚ್ಚಿದರು.

ಕೆಲವು ತಿಂಗಳ ಮೇಲೆ ಎಂಜಿನಿಯರ್ ಕೆಂಡದಂತಾಗಿ ಬಂದರು. "ಏನ್ ಸಾರ್ ಇದು? ಕಂಬ ಪಾಲತ್ತ ಒರಬೇಕಾ, ಇಲ್ಲ ಕೆಳಕ್ಕೆ ಎಳೀಬೇಕಾ?" ಪಾಲಂ ಎಂದರೆ ತಮಿಳಿನಲ್ಲಿ ಸೇತುವೆ. ಅದರ ಕಂಬದ ಲೆಕ್ಕ ತಿರುಗುಮುರುಗಾಗಿತ್ತು. ಉತ್ತರವನ್ನು ಮತ್ತೆ ಸಮೀಕರಣಕ್ಕೆ ಹಾಕಿ ಪರೀಕ್ಷಿಸುವುದನ್ನೂ ನಾವು ಪ್ರೋಗ್ರಾಮಿನೊಳಗೆ ಇಟ್ಟಿದ್ದೆವು. ಅದೂ ಸರಿಯಿದೆ ಎಂದಿತ್ತು.

ತಪ್ಪು ಸಿಕ್ಕಿದ್ದು ಆ ಎಂಜಿನಿಯರ ಅಭ್ಯಾಸದಲ್ಲಿ. ನಮ್ಮ ಸಂತೆಯಲ್ಲಿ ಅಳೆದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾರಲ್ಲ, ಹಾಗೆ ಅವರು ಸಿಮೆಂಟಿನಿಂದ ಹಿಡಿದು ಎಲ್ಲದಕ್ಕೂ ಕೊಸರು ಬಿಡುವವರು. ಮೊದಮೊದಲು ಬೇಕಾದಷ್ಟೇ ಜಾಗ ಬಿಟ್ಟಿದ್ದವರು ಈ ಸಲ ಆರು ಸಮೀಕರಣಕ್ಕೆ ಕೋಷ್ಟಕದಲ್ಲಿ ಏಳು ಅಡ್ಡಸಾಲು, ಏಳು ಕಂಬಸಾಲುಗಳ ಜಾಗ ಕಾದಿರಿಸಿದ್ದರು. ಯಂತ್ರದೊಳಗೆ ಕೋಷ್ಟಕವೆಲ್ಲ ಒಂದೇ ಉದ್ದನೆಯ ಸಾಲಾಗಿ ಕೂರುತ್ತದೆ. ನಮ್ಮ ಪ್ರೋಗ್ರಾಮು ಅದನ್ನು ಏಳೇಳಕ್ಕೆ ಕತ್ತರಿಸುವ ಬದಲು ಆರಾರಕ್ಕೆ ಕತ್ತರಿಸಿಕೊಂಡು, ಖಾಲಿ ಬಿಟ್ಟ ಜಾಗವನ್ನೂ ಸಂಖ್ಯೆಯೆಂದೇ ಓದಿತ್ತು. ಪರೀಕ್ಷೆಯೂ ಅದೇ ಕೆಟ್ಟ ಕೋಷ್ಟಕವನ್ನು ನೋಡಿ ತಲೆಯಾಡಿಸಿತ್ತು.

"ಕೊಸರು ಬಿಡ್ಬ್ಯಾಡಿ ಅಂತ ಅವ್ರಿಗೆ ಯೋಳಿದ್ರೆ ಮುಗೀತಲ್ಲ ಸಾರ್," ಎಂದೆ.

"ಅವ್ನದು ತಪ್ಪಲ್ಲ ಲಾ. ಜಾಗ ಜಾಸ್ತಿ ಮಡಗೋದು ಬುದ್ಧಿ ಇರೋನ ಕೆಲ್ಸ. ಅಂತೋನ ಕೈಲಿ ತಪ್ಪು ಮಾಡ್ಸಿದ್ದು ನಾವು."

ಎಷ್ಟು ಜಾಗ ಕಾದಿರಿಸಿದ್ದೀರಿ ಎಂದು ಕೇಳದೆ ದಾರಿಯೇ ಇರಲಿಲ್ಲ. ನಾಲ್ಕನೆಯದು ಸೇರಿತು. ನಾನು ಗೆದ್ದಿದ್ದೆ, ಆದರೆ ಅವರ ಮುಖ ನೋಡಿ ಗೆದ್ದ ಸುಖವೆಲ್ಲ ಇಳಿದುಹೋಯಿತು. ಆಮೇಲೆ ಅದನ್ನು ತೆಗೆಯುವುದೇ ಅವರ ಗೀಳಾಯಿತು. ಎಷ್ಟೋ ಉಪಾಯ ಹೂಡಿದರು, ಎಲ್ಲವನ್ನೂ ನನ್ನಿಂದ ಬರೆಸಿದರು, ಒಂದೂ ನಡೆಯಲಿಲ್ಲ. ಮದ್ರಾಸಿನ ಕಂಪ್ಯೂಟರ್ ಕೇಂದ್ರದವರು ನಾಲ್ಕು ಕೇಳುವ ಪ್ರೋಗ್ರಾಮನ್ನೇ ಒಪ್ಪಿ ತಮ್ಮ ಸಿದ್ಧ ಪ್ರೋಗ್ರಾಮುಗಳ ಪಟ್ಟಿಗೆ ಸೇರಿಸಿಕೊಂಡರು. ಆ ಸುದ್ದಿ ಹೇಳಿದರೆ ಮೇಷ್ಟ್ರು ನನ್ನ ಮೇಲೆಯೇ ರೇಗಿದರು.

ಆ ದಶಕ ಮುಗಿಯುವಷ್ಟರಲ್ಲಿ ಅವರ ಮೂತ್ರಪಿಂಡ ಕೆಟ್ಟಿತು. ಆಸ್ಪತ್ರೆಯಲ್ಲಿ ನನ್ನನ್ನು ಕಂಡದ್ದೇ ಕೇಳಿದರು, "ನಾಲ್ಕನೇದ್ನ ತೆಗ್ಯಾಕೆ ದಾರಿ ಸಿಕ್ತಾ?"

"ಇಲ್ಲ ಸಾರ್."

"ಸಿಗ್ತೈತೆ. ನೀನು ಸೋಂಬೇರಿ," ಎಂದು ಗೋಡೆಯ ಕಡೆ ಹೊರಳಿದರು. ನನ್ನೊಡನೆ ಅವರು ಆಡಿದ ಕೊನೆಯ ಮಾತು ಅದು.

ನಾನು ಅದೇ ಕೆಲಸದಲ್ಲಿ ಉಳಿದೆ. ಬಹಳ ವರ್ಷಗಳ ನಂತರ ಬಂದ ಹೊಸ ಕಂಪ್ಯೂಟರ್ ಭಾಷೆಯಲ್ಲಿ ಕೋಷ್ಟಕ ತನ್ನ ಅಳತೆಯನ್ನು ತಾನೇ ಹೊತ್ತು ತರುತ್ತಿತ್ತು. ಜಾಗ ಎಷ್ಟೆಂದು ಕೇಳುವುದೇ ಬೇಕಿರಲಿಲ್ಲ, ನಾಲ್ಕನೆಯದು ಒಂದೇ ಬೆಳಿಗ್ಗೆಯಲ್ಲಿ ಹೋಯಿತು. ಇಷ್ಟೇನಾ ಎಂದು ಸಿಟ್ಟು ಬಂತು, ಅಳುವೂ ಬಂತು. ಬಸ್ಸು ಹತ್ತಿ ಅವರ ಊರಿಗೆ ಹೋದೆ. ಅವರ ಹೆಂಡತಿ ಅಂಗಳದಲ್ಲಿ ಅವರೆಕಾಳು ಬಿಡಿಸುತ್ತಿದ್ದರು.

"ಅಮ್ಮಾ, ಸಾರ್ ಬ್ಯಾಡ ಅಂತಿದ್ದ ಆ ನಾಲ್ಕನೇದು ಓಯ್ತು. ಈಗ ಮೂರೇ."

ಅವರ ಕೈ ನಿಂತಿತು. ಉಣ್ಣುವಾಗ, ಮಲಗುವಾಗ ಅದರ ಪುರಾಣ ಕೇಳಿದ್ದವರು ಅವರೊಬ್ಬರೇ ಅಲ್ಲವೇ.

"ಈಗ ಬಂದ್ಯೇನ್ಲಾ," ಎಂದರು, "ಅದ್ನ ಯೋಳಾಕೆ?"